ಇಪ್ಪತ್ನಾಲ್ಕರ ಮಧ್ಯಾಹ್ನದ ಬಸ್ಸು

ಬ್ರಾಂಪ್ಟನ್
ಡಿಸೆಂಬರ್ 6

ನನ್ನ ಮುಖ ನೋಡಲೊಲ್ಲದ ನನ್ನ ಪ್ರಫುಲ್ಲಕ್ಕನಿಗೆ,

ಇದನ್ನು ಹರಿದು ಬಿಸಾಡಬೇಡ. ಬಿಸಾಡಿದರೆ ನಾಳೆ ಇನ್ನೊಂದು ಬರೆಯುತ್ತೇನೆ, ನನ್ನ ಹಟ ನಿನಗೆ ಗೊತ್ತಲ್ಲ. ಫೋನಿನಲ್ಲಿ ಬ್ಲಾಕ್ ಮಾಡಿದೆ, ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಮಾಡಿದೆ, ಚರ್ಚಿನಲ್ಲಿ ನಾನು ಎಡಗಡೆ ಕೂತರೆ ನೀನು ಬಲಗಡೆ ಹೋಗಿ ಕೂರುತ್ತೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಉಪಾಯ ಮಾತ್ರ ನಿನ್ನ ಹತ್ತಿರ ಇಲ್ಲ. ನಾವಿಬ್ಬರೂ ಜಗಳ ಆಡಿದ್ದೆಲ್ಲ ತುಳುವಿನಲ್ಲಿ. ಕಾಗದ ಬರೆಯುವುದು, ಪ್ರಾರ್ಥನೆ ಮಾಡುವುದು ಕನ್ನಡದಲ್ಲಿ, ಅಮ್ಮ ಕಲಿಸಿದ ಹಾಗೆ. ಅದಕ್ಕೇ ಈ ಸಲ ಕನ್ನಡದಲ್ಲಿ ಬಂದಿದ್ದೇನೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಮುಚ್ಚಿಟ್ಟು ಕೊನೆಗೆ ತೋರಿಸುವ ಚಾಳಿಯನ್ನು ನಾನು ಬಿಟ್ಟಿದ್ದೇನೆ. ಇದೇ ಇಪ್ಪತ್ನಾಲ್ಕನೇ ತಾರೀಕು ನೀನು ನನ್ನ ಜೊತೆ ನಿನ್ನ ಮಗಳನ್ನು ನೋಡಲು ಬರಬೇಕು. ಅಶ್ವಿತಾಳಿಗೆ ಗೊತ್ತಿದೆ. ಈಗ ನಿನಗೂ ಗೊತ್ತಾಯಿತು. ಎರಡು ವರ್ಷ ಆಯಿತು ಅಕ್ಕ, ಮೂರನೇ ಕ್ರಿಸ್‌ಮಸ್ಸನ್ನೂ ಹೀಗೇ ಕಳೆಯಲು ನಾನು ಬಿಡುವುದಿಲ್ಲ.

ನಮ್ಮ ಹಳೆಯ ಬೇಸ್‌ಮೆಂಟು ನೆನಪಿದೆಯಾ? ಮಿಸಿಸಾಗದಲ್ಲಿ, ಆ ಪಂಜಾಬಿ ಆಂಟಿಯ ಮನೆಯ ಕೆಳಗೆ. ನಾನು ಊರಿನಿಂದ ಕೆನಡಾಕ್ಕೆ ಬಂದಿಳಿದಾಗ ಅಶ್ವಿತಾಗೆ ಎರಡು ವರ್ಷ. ಭಾವ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು, ನೀನು ವೃದ್ಧಾಶ್ರಮದಲ್ಲಿ ಡಬಲ್ ಶಿಫ್ಟ್ ಮಾಡುತ್ತಿದ್ದೆ. ಯಾರೋ ರಸ್ತೆಬದಿಯಲ್ಲಿ ಇಟ್ಟುಹೋಗಿದ್ದ ಟೀವಿಯನ್ನು ಭಾವ ಹೊತ್ತು ತಂದಿದ್ದರು. ಅದರಲ್ಲಿ ಬರುತ್ತಿದ್ದದ್ದು ಮೂರು ಚಾನೆಲ್, ಮೂರನೆಯದು ಬರಬೇಕಾದರೆ ಒಬ್ಬರು ಆಂಟೆನಾ ಹಿಡಿದು ನಿಲ್ಲಬೇಕಿತ್ತು. ಹಿಡಿದು ನಿಲ್ಲುವವಳು ನಾನು.

ಡಿಸೆಂಬರ್ ಬಂತೆಂದರೆ ಭಾನುವಾರ ಮಧ್ಯಾಹ್ನ, ಚರ್ಚಿನಿಂದ ಬಂದ ಮೇಲೆ, ನಮಗೆ ಆ ಕ್ರಿಸ್‌ಮಸ್ ಸಿನಿಮಾಗಳು. ಹೆಸರು ಯಾವುದಾದರೂ ಇರಲಿ, ಕಥೆ ಒಂದೇ. ಒಂದು ದೊಡ್ಡ ಮನೆ, ಹೊರಗೆ ಹಿಮ. ಅಪ್ಪನ ಮೇಲೆ ಮುನಿಸಿಕೊಂಡು ಹೋದ ಒಬ್ಬ ಮಗ, ಅಕ್ಕನ ಜೊತೆ ಮಾತು ಬಿಟ್ಟ ಒಬ್ಬ ತಂಗಿ. ಒಂದು ಟರ್ಕಿ ಸುಟ್ಟು ಕರಕಲಾಗಬೇಕು, ಒಂದು ವಿಮಾನ ಕ್ಯಾನ್ಸಲ್ ಆಗಬೇಕು. ಕೊನೆಯ ಹತ್ತು ನಿಮಿಷ ಇರುವಾಗ ಕಾಲಿಂಗ್ ಬೆಲ್. ಬಾಗಿಲು ತೆರೆದರೆ ಮಗ ಸೂಟ್‌ಕೇಸ್ ಹಿಡಿದು ನಿಂತಿರುತ್ತಾನೆ. ಯಾರೂ ಏನೂ ಕೇಳುವುದಿಲ್ಲ, ಎಲ್ಲರೂ ತಬ್ಬಿಕೊಳ್ಳುತ್ತಾರೆ, ಹಾಡು ಶುರುವಾಗುತ್ತದೆ.

ನೀನು ಕ್ರಿಸ್‌ಮಸ್ ತಿಂಡಿ ತುಕ್ಕುಡಿಗೆ ಹಿಟ್ಟು ಲಟ್ಟಿಸುತ್ತಾ ನೋಡುತ್ತಿದ್ದೆ. ಜಾಹೀರಾತು ಬಂದ ಕೂಡಲೇ ಎದ್ದು ಒಂದು ಒಬ್ಬೆ ಕರಿಯುವುದು, ಸಿನಿಮಾ ಶುರುವಾದರೆ ಮತ್ತೆ ಬಂದು ಕೂರುವುದು. ಹೊಗೆಗೆ ಅಲಾರ್ಮು ಬೊಬ್ಬೆ ಹೊಡೆಯದ ಹಾಗೆ ಅದಕ್ಕೊಂದು ಶವರ್ ಕ್ಯಾಪ್ ತೊಡಿಸಿದ್ದೆ, ದೇವರೇ, ಆ ಮನೆ ಸುಟ್ಟುಹೋಗದೆ ಉಳಿದದ್ದೇ ಪುಣ್ಯ. ನೋಡುವಾಗ ನಿನ್ನ ಬಾಯಿ ಸುಮ್ಮನಿರುತ್ತಿತ್ತಾ? "ಇವರಿಗೆ ಯಾರಿಗೂ ಶಿಫ್ಟ್ ಇಲ್ವಾ ಮಾರಾಯ್ತಿ? ಎಲ್ಲರಿಗೂ ಒಟ್ಟಿಗೆ ರಜೆ ಕೊಟ್ಟದ್ದು ಯಾರು?" ಎನ್ನುತ್ತಿದ್ದೆ. "ಇಷ್ಟು ಜನ ಉಂಡ ಪಾತ್ರೆ ತೊಳೆಯುವವರು ಯಾರಂತೆ?" ಎನ್ನುತ್ತಿದ್ದೆ. ಕೊನೆಗೆ ಮಗ ಬಾಗಿಲಲ್ಲಿ ನಿಂತಾಗ ಎಲ್ಲರೂ ಅವನ ಮುಖ ನೋಡಿದರೆ ನೀನು ಮಾತ್ರ ಕಾಲು ನೋಡುತ್ತಿದ್ದೆ. "ನೋಡೇ, ಇಷ್ಟು ಹಿಮದಲ್ಲಿ ಆಫೀಸಿನ ಶೂ ಹಾಕಿ ಬಂದಿದ್ದಾನೆ, ಜ್ವರ ಬರ್ತದೆ ಅವನಿಗೆ." ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಕೇಳಿದರೆ ಎಣ್ಣೆಯ ಹೊಗೆ ಎನ್ನುತ್ತಿದ್ದೆ.

ನೀನು ನಂಬಲಿಲ್ಲ. ನಾನು ನಂಬಿದೆ. ಈ ದೇಶದವರು ಹೇಗೆ ಬದುಕುತ್ತಾರೆಂದು ನಮಗೆ ತೋರಿಸುವವರು ಬೇರೆ ಯಾರಿದ್ದರು ಹೇಳು. ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಪಕ್ಕದ ಮನೆಯವರು "ಹಾಯ್" ಅಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆಯೊಳಗೆ ಏನು ನಡೆಯುತ್ತದೆಂದು ನೋಡಲು ನನಗೆ ಸಿಕ್ಕಿದ ಕಿಟಕಿ ಆ ಟೀವಿಯೊಂದೇ. ಕ್ರಿಸ್‌ಮಸ್ ದಿನ ಹೇಳದೆ ಬಂದು ಬೆಲ್ ಮಾಡಿದರೆ ಎಲ್ಲ ಸರಿಯಾಗುತ್ತದೆ ಎನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಐವತ್ತರ ಹತ್ತಿರ ಬಂದರೂ ಇಳಿದಿರಲಿಲ್ಲ.

ಎರಡು ವರ್ಷದ ಹಿಂದೆ ನಾನು ಮಾಡಿದ್ದು ಅದೇ. ಇವತ್ತು ಒಪ್ಪಿಕೊಳ್ಳುತ್ತೇನೆ, ಪೂರ್ತಿ. ಅಶ್ವಿತಾ ನರ್ಸಿಂಗ್ ಕೋರ್ಸನ್ನು ಮೂರನೇ ವರ್ಷದಲ್ಲಿ ಬಿಟ್ಟು ಸಿಟಿ ಬಸ್ಸಿನ ಡ್ರೈವರ್ ಆದಾಗ ನೀನು ಹೇಳಿದ ಮಾತು ನಿಮ್ಮಿಬ್ಬರ ಮಧ್ಯೆ ಗೋಡೆಯಾಗಿತ್ತು. "ನಾನು ಇಪ್ಪತ್ತು ವರ್ಷ ಕಂಡವರ ಮೈ ತೊಳೆದದ್ದು ನೀನು ಸ್ಟೀರಿಂಗ್ ಹಿಡಿಯಲಿ ಅಂತ ಅಲ್ಲ." ಭಾವನ ಬೆನ್ನು ಆ ಟ್ಯಾಕ್ಸಿಯ ಸೀಟಿನಲ್ಲೇ ಹೋದದ್ದು, ಆಮೇಲೆ ಹೃದಯ ನಿಂತು ಅವರೇ ಹೋದದ್ದು ನೋಡಿದವಳು ನೀನು. ನಿನ್ನ ಸಂಕಟ ನನಗೆ ಗೊತ್ತಾಗುವುದಿಲ್ಲ ಅಂತಲ್ಲ. ಅವಳು ಬೇರೆ ರೂಮು ಮಾಡಿಕೊಂಡು ಹೋದಳು. ನೀನು ಚರ್ಚಿನವರಿಗೆಲ್ಲ ಮಗಳು ಒಟ್ಟಾವಾದಲ್ಲಿ ನರ್ಸು, ರಜೆ ಸಿಗುವುದಿಲ್ಲ ಎಂದು ಹೇಳತೊಡಗಿದೆ. ನಮ್ಮವರಿಗೆಲ್ಲ ಕಾರುಂಟು, ಬಸ್ಸು ಹತ್ತಿ ನೋಡುವವರು ಯಾರು ಎಂಬ ಧೈರ್ಯ ನಿನಗೆ.

ಇದೆಲ್ಲ ಗೊತ್ತಿದ್ದೂ ನಾನು ಅವಳಿಗೆ ಫೋನ್ ಮಾಡಿ "ಅಮ್ಮನೇ ಕರೆಯುತ್ತಿದ್ದಾಳೆ ಬಾ" ಎಂದು ಸುಳ್ಳು ಹೇಳಿದೆ. ನಿನ್ನ ಮನೆಯಲ್ಲಿ ಇಪ್ಪತ್ತು ಜನ ನೆಂಟರು ಕೂತಿರುವಾಗ ಬೆಲ್ ಆಯಿತು. "ಅಕ್ಕ, ಪಾರ್ಸೆಲ್ ಬಂತು, ನೀನೇ ತಗೋ" ಎಂದು ನಿನಗೂ ಸುಳ್ಳು ಹೇಳಿ ನಾನು ಫೋನಿನ ಕ್ಯಾಮೆರಾ ಆನ್ ಮಾಡಿ ಹಿಂದೆ ನಿಂತೆ. ನೀನು ಬಾಗಿಲು ತೆರೆದೆ. ಅಶ್ವಿತಾ ಶಿಫ್ಟ್ ಮುಗಿಸಿ ಬಸ್ಸಿನ ಯೂನಿಫಾರ್ಮ್ ಜಾಕೆಟಿನಲ್ಲೇ ಬಂದಿದ್ದಳು, ಕೈಯಲ್ಲಿ ಕೇಕಿನ ಡಬ್ಬ. ಒಳಗಿನಿಂದ ಚರ್ಚಿನ ಲೀಲಮ್ಮ ಆಂಟಿ "ಯಾರದು ಪ್ರಫುಲ್ಲಾ?" ಎಂದು ಕೂಗಿದರು. ನೀನು ತಿರುಗಿ, "ಯಾರೋ, ಮನೆ ತಪ್ಪಿ ಬಂದಿದ್ದಾರೆ" ಎಂದು ಹೇಳಿ ಬಾಗಿಲು ಹಾಕಿದೆ.

ನೀನು ಹೇಳಿದ್ದು ತುಳುವಿನಲ್ಲಿ. ಅವಳಿಗೆ ತುಳು ಮಾತಾಡಲು ಸರಿಯಾಗಿ ಬಾರದಿರಬಹುದು, ಕೇಳಿದರೆ ಒಂದಕ್ಷರ ಬಿಡದೆ ಅರ್ಥವಾಗುತ್ತದೆ.

ಆಮೇಲೆ ಅಡುಗೆಮನೆಯಲ್ಲಿ ನಾನು ನಿನ್ನ ಮೇಲೆ ಹಾರಾಡಿದೆ. "ನನ್ನ ಮನೆ ಬಾಗಿಲಲ್ಲಿ ನಿನ್ನ ಸಿನಿಮಾ ತೆಗೀಬೇಡ, ಹೊರಗೆ ನಡಿ" ಎಂದೆ ನೀನು. ಸರಿಯಾಗಿಯೇ ಹೇಳಿದೆ. ಸಿನಿಮಾದಲ್ಲಿ ಯಾರೂ ಕ್ಯಾಮೆರಾ ಹಿಡಿದು ಅಕ್ಕನ ಮಗಳಿಗೆ ಮೋಸ ಮಾಡುವುದಿಲ್ಲ, ಅಕ್ಕನಿಗೂ ಮಾಡುವುದಿಲ್ಲ. ತಪ್ಪಾಯಿತು ಅಕ್ಕ. ಇಬ್ಬರಿಗೂ ಸುಳ್ಳು ಹೇಳಿ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿದವಳು ನಾನು. ಆದರೆ ನಿನ್ನದೂ ತಪ್ಪು, ಅದನ್ನು ಹೇಳದೆ ನಾನು ಈ ಕಾಗದ ಮುಗಿಸುವುದಿಲ್ಲ. ಪೆಟ್ಟು ಕೊಟ್ಟಿದ್ದರೂ ಆ ಹುಡುಗಿ ಸಹಿಸುತ್ತಿದ್ದಳು. "ಯಾರೋ" ಎಂದದ್ದನ್ನು ಸಹಿಸಲಿಲ್ಲ.

ಆ ವೀಡಿಯೊ ನನ್ನ ಫೋನಿನಲ್ಲಿ ಹದಿನಾಲ್ಕು ಸೆಕೆಂಡು ಇತ್ತು. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ನಿನ್ನ ಮೇಲೆ ಸಿಟ್ಟು ಬರಿಸಿಕೊಳ್ಳಲೆಂದೇ ನೋಡುತ್ತಿದ್ದೆ. ಒಂದು ದಿನ ಗಮನಿಸಿದೆ. ಬಾಗಿಲು ತೆರೆದ ಕೂಡಲೇ ನೀನು ಅವಳ ಮುಖ ನೋಡಲಿಲ್ಲ, ಕಾಲು ನೋಡಿದೆ. ಬೂಟ್ಸ್ ಹಾಕಿದ್ದಾಳಾ ಎಂದು ನೋಡಿದೆ. ಹಾಕಿದ್ದಳು. ಆಮೇಲೆಯೇ ನೀನು ತಲೆ ಎತ್ತಿದ್ದು. ಅದನ್ನು ನೋಡಿದ ದಿನ ನಾನು ಗಟ್ಟಿಯಾಗಿ ಅತ್ತೆ, ಅತ್ತು ವೀಡಿಯೊ ಅಳಿಸಿಹಾಕಿದೆ. ಇನ್ನು ಸುಮ್ಮನಿರುವುದಿಲ್ಲ ಎಂದು ತೀರ್ಮಾನಿಸಿದ್ದೂ ಅವತ್ತೇ.

ಅಕ್ಟೋಬರಿನಿಂದ ಪ್ರತಿ ಶನಿವಾರ ಅವಳ ಬಸ್ಸು ಹತ್ತುತ್ತಿದ್ದೇನೆ. ಮೊದಲನೇ ಶನಿವಾರ ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಕೊನೆಯ ಸ್ಟಾಪಿನವರೆಗೆ ಹೋದೆ, ವಾಪಸ್ ಬಂದೆ, ಒಂದು ಮಾತಿಲ್ಲ. ಎರಡನೇ ವಾರವೂ ಅಷ್ಟೇ. ಮೂರನೇ ವಾರ ಟರ್ಮಿನಲ್ಲಿನಲ್ಲಿ ಅವಳಿಗೆ ಎಂಟು ನಿಮಿಷ ಬ್ರೇಕ್ ಇದ್ದಾಗ ನಾನು ತುಕ್ಕುಡಿಯ ಡಬ್ಬ ಮುಂದೆ ಹಿಡಿದೆ. ಒಂದು ತಿಂದಳು. "ಅಮ್ಮಂದು ಇದಕ್ಕಿಂತ ಥಿನ್ ಇರ್ತದೆ" ಎಂದಳು. ಎರಡು ವರ್ಷದ ಮೇಲೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಅದು, ನೋಡು, ಅದೂ ನನ್ನನ್ನು ಬೈದದ್ದು.

ಅವಳು ಬಸ್ಸು ಓಡಿಸುವುದನ್ನು ನೀನು ನೋಡಿಲ್ಲ. ನಾನು ನೋಡಿದೆ. ವಾಕರ್ ಹಿಡಿದ ಮುದುಕಿಯೊಬ್ಬಳು ಸ್ಟಾಪಿನಲ್ಲಿದ್ದರೆ ಅಶ್ವಿತಾ ಒಂದು ಬಟನ್ ಒತ್ತುತ್ತಾಳೆ, ಬಸ್ಸು ಪುಸ್ಸೆಂದು ಉಸಿರು ಬಿಟ್ಟು ಆ ಬದಿಗೆ ಬಗ್ಗುತ್ತದೆ. ಮುದುಕಿ ಹತ್ತಿ ಸೀಟಿನಲ್ಲಿ ಸರಿಯಾಗಿ ಕೂರುವವರೆಗೆ ಇವಳು ಗಾಡಿ ಬಿಡುವುದಿಲ್ಲ, ಹಿಂದೆ ಹಾರ್ನ್ ಹೊಡೆದರೂ ಸರಿ. ಒಬ್ಬೊಬ್ಬರ ಹೆಸರೂ ಗೊತ್ತು, ಯಾರಿಗೆ ಯಾವ ಮೊಣಕಾಲು ನೋವು ಎಂದೂ ಗೊತ್ತು. ಅಕ್ಕ, ಅದು ನಿನ್ನದೇ ಕೆಲಸ. ನೀನು ಇಪ್ಪತ್ತು ವರ್ಷ ಮುದುಕಿಯರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ್ದನ್ನು ಆ ಹುಡುಗಿ ಬಸ್ಸಿನಲ್ಲಿ ಮಾಡುತ್ತಿದ್ದಾಳೆ. ಇದರಲ್ಲಿ ನಾಚಿಕೆಪಡುವುದಕ್ಕೆ ಎಂಥದು ಉಂಟು?

ಇನ್ನೊಂದು ಸಂಗತಿ. ಕೂತಿದ್ದೀಯಾ? ಕೂತು ಓದು. ಲೀಲಮ್ಮ ಆಂಟಿಗೆ ಕಣ್ಣಿನ ಆಪರೇಷನ್ ಆದಮೇಲೆ ಅವರು ಕಾರು ಓಡಿಸುವುದು ಬಿಟ್ಟಿದ್ದಾರಲ್ಲ, ಒಂದೂವರೆ ವರ್ಷದಿಂದ ಗುರುವಾರ ಗುರುವಾರ ತರಕಾರಿಗೆ ಅವರು ಹೋಗುವುದು ಅಶ್ವಿತಾಳ ಬಸ್ಸಿನಲ್ಲಿ. ಕಳೆದ ತಿಂಗಳು ನಾನೇ ಕೇಳಿದೆ. "ನನಗೆ ಯಾವಾಗ್ಲೇ ಗೊತ್ತುಂಟು. ಪ್ರಫುಲ್ಲಾ ಬೇಜಾರು ಮಾಡ್ತಾಳೆ ಅಂತ ಸುಮ್ಮನಿದ್ದೆ. ಚಂದ ಓಡಿಸ್ತದೆ ಹುಡುಗಿ, ಬ್ರೇಕ್ ಹಾಕಿದ್ದೇ ಗೊತ್ತಾಗುದಿಲ್ಲ" ಎಂದರು. ಲೀಲಮ್ಮ ಆಂಟಿಗೆ ಗೊತ್ತಾದ ಮೇಲೆ ಚರ್ಚಿನಲ್ಲಿ ಯಾರಿಗೆ ಗೊತ್ತಿಲ್ಲ ಹೇಳು? ಎಲ್ಲರೂ ನಿನ್ನ ಎದುರು ಒಟ್ಟಾವಾದ ಚಳಿ ಹೇಗುಂಟಂತೆ ಎಂದು ಕೇಳಿ ನಿನ್ನ ಮರ್ಯಾದೆ ಉಳಿಸುತ್ತಿದ್ದಾರೆ. ಯಾರೂ ನಂಬದ ಒಂದು ಸುಳ್ಳಿಗೆ ನೀನು ಮಗಳನ್ನು ಹೊರಗೆ ನಿಲ್ಲಿಸಿದ್ದೀಯ. ಕೋಪ ಬಂತಾ? ಬರಲಿ. ಕೋಪದಲ್ಲಿ ನೀನು ಬೇಗ ಬೇಗ ನಡೆಯುತ್ತೀಯ, ನಮಗೆ ನಡೆಯಲಿಕ್ಕುಂಟು.

ಇನ್ನು ಏರ್ಪಾಡು ಕೇಳು. ಇಪ್ಪತ್ನಾಲ್ಕರಂದು ಅಶ್ವಿತಾಗೆ ಮಧ್ಯಾಹ್ನದ ಶಿಫ್ಟ್. ಸಿನಿಮಾದವರ ಹಾಗೆ ಅವಳಿಗೆ ರಜೆ ಇಲ್ಲ, ಆಗ ನಿನಗೂ ಒಂದು ಕ್ರಿಸ್‌ಮಸ್ಸಿಗೂ ಇರಲಿಲ್ಲವಲ್ಲ. ಅವಳು ನಿನ್ನ ಬಾಗಿಲಿಗೆ ಇನ್ನೊಮ್ಮೆ ಬರುವುದಿಲ್ಲ, ಬರಬೇಕೆಂದು ಕೇಳುವ ಮುಖವೂ ನಮಗಿಲ್ಲ. ಆದ್ದರಿಂದ ಈ ಸಲ ಹೋಗುವವರು ನಾವು. ನಿನ್ನ ಮನೆಯಿಂದ ನಾಲ್ಕು ಹೆಜ್ಜೆ, ಪ್ಲಾಜಾದ ಎದುರಿನ ಸ್ಟಾಪು, ಎರಡು ನಲವತ್ತಕ್ಕೆ ಬಸ್ಸು. ನಾನು ಎರಡೂವರೆಗೇ ಅಲ್ಲಿ ನಿಂತಿರುತ್ತೇನೆ. ನೆಂಟರಿಲ್ಲ, ಕ್ಯಾಮೆರಾ ಇಲ್ಲ, ಫೋನನ್ನು ಮನೆಯಲ್ಲೇ ಇಟ್ಟು ಬರುತ್ತೇನೆ. ಹತ್ತಿ ಮುಂದಿನ ಸೀಟಿನಲ್ಲಿ ಕೂರು, ಅಷ್ಟೇ ನಿನ್ನ ಕೆಲಸ. ತಬ್ಬಿಕೊಳ್ಳುವುದಕ್ಕೆ ಆಗುವುದಿಲ್ಲ, ಓಡುವ ಬಸ್ಸಿನಲ್ಲಿ ಡ್ರೈವರನ್ನು ಮಾತಾಡಿಸಲೂ ಬಾರದು, ಅದು ರೂಲು. ನಿಮ್ಮಿಬ್ಬರಿಗೂ ಅದು ಒಳ್ಳೆಯದೇ. ಕೊನೆಯ ಸ್ಟಾಪಿನಲ್ಲಿ ಎಂಟು ನಿಮಿಷ ಸಿಗುತ್ತದೆ. ತುಕ್ಕುಡಿ ನೀನೇ ಮಾಡಿ ತಾ, ತೆಳ್ಳಗೆ ಲಟ್ಟಿಸು.

ನೀನು ಬರದಿದ್ದರೆ? ನಾನೊಬ್ಬಳೇ ಹತ್ತಿ ಹೋಗಿ ಬರುತ್ತೇನೆ. ಮುಂದಿನ ಶನಿವಾರ ಅದೇ ಸ್ಟಾಪಿನಲ್ಲಿ ಮತ್ತೆ ನಿಲ್ಲುತ್ತೇನೆ, ಅದರ ಮುಂದಿನ ಶನಿವಾರವೂ ನಿಲ್ಲುತ್ತೇನೆ. ನಿನ್ನ ಅಡುಗೆಮನೆ ಕಿಟಕಿಗೆ ಆ ಸ್ಟಾಪು ನೇರವಾಗಿ ಕಾಣುತ್ತದೆ, ನಾನು ನೋಡಿದ್ದೇನೆ. ಮೈನಸ್ ಇಪ್ಪತ್ತರಲ್ಲಿ ತಂಗಿ ನಿಂತಿರುವುದನ್ನು ನೋಡಿಕೊಂಡು ಎಷ್ಟು ವಾರ ಪಾತ್ರೆ ತೊಳೆಯುತ್ತೀಯೋ ತೊಳಿ.

ಕಳೆದ ಶನಿವಾರ ನಾನು ಅವಳಿಗೆ ಇದನ್ನೆಲ್ಲ ಹೇಳಿದೆ. "ನೋ ಸರ್‌ಪ್ರೈಸ್ ಚಿಕ್ಕಮ್ಮ, ಓಕೆ? ಡ್ರೈವರ್ ನಾನೇ ಅಂತ ಅಮ್ಮಂಗೆ ಫಸ್ಟ್ ಹೇಳಿ. ಆಮೇಲೆ ಶಿ ಕ್ಯಾನ್ ಡಿಸೈಡ್" ಎಂದಳು. ಅದಕ್ಕೇ ಈ ಕಾಗದ. ಬ್ರೇಕ್ ಮುಗಿದು ನಾನು ಹಿಂದೆ ಹೋಗಿ ಕೂರಲು ಹೊರಟಾಗ ಮತ್ತೆ ಕರೆದಳು. ಮುಂದಿನ ಗಾಜನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು, ತನ್ನ ಮುರುಕು ತುಳುವಿನಲ್ಲಿ, ನೀನು ಹೇಳಿದ್ದ ಅದೇ ಮಾತಿನ ಜಾಡು ಹಿಡಿದು: "ಅಮ್ಮ ಬಂದ್ರೆ ನಾನು ಬಾಗಿಲು ತೆಗಿತೇನೆ. ಬಸ್ಸು ತಪ್ಪಿ ಹತ್ತಿದ್ದೀರಿ ಅಂತ ಹೇಳುದಿಲ್ಲ."

ಎರಡೂವರೆಗೆ ಕಾಯುತ್ತೇನೆ. ಬೂಟ್ಸ್ ಹಾಕಿಕೊಂಡೇ ಬಾ, ಅವಳು ನಿನ್ನ ಕಾಲು ನೋಡುತ್ತಾಳೆ.

ನಿನ್ನ ಮೊಣಕಾಲಿಗೂ ನಿನ್ನ ಹಟಕ್ಕೂ ದೇವರು ಆ ದಿನ ನಾಲ್ಕು ಹೆಜ್ಜೆಯ ಬಲ ಕೊಡಲಿ.

ಎಷ್ಟು ಸಲ ಹೊರಗೆ ಹಾಕಿದರೂ ನಿನ್ನ ತಂಗಿಯೇ ಆಗಿರುವ,
ಸುಹಾಸಿನಿ