ದೇವಾಪುರದ ಡಾಕ್ಟರ್

ಯಾದಗಿರಿ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅವ್ವನಿಗೆ,

ಪಂಚಶೀಲಾಳ ಜೈಭೀಮ್. ಫೋನ್ ಇರುವಾಗ ಪತ್ರ ಯಾಕೆ ಎಂದು ಗಾಬರಿಯಾಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ, ಓಣಿಗೆಲ್ಲ ಕೇಳಿಸುತ್ತದೆ. ಇದನ್ನು ನೀನೊಬ್ಬಳೇ ಓದಬೇಕು. ಸಾಬಣ್ಣಮಾವ ಸಂಜೆ ಬಸ್ಸಿಗೆ ದೇವಾಪುರಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ನನಗೆ ರಾಯಚೂರಿನಲ್ಲಿ ಮೆಡಿಕಲ್ ಸೀಟು ಸಿಕ್ಕಿದೆ, ಅವ್ವ. ಶುಕ್ರವಾರದೊಳಗೆ ಸೇರದಿದ್ದರೆ ಕೈತಪ್ಪುತ್ತದೆ. ನಿನಗೆ ಹೇಳದೆ ಪರೀಕ್ಷೆ ಬರೆದೆ, ನಿಜ. ಹೇಳಿದ್ದರೆ ಹೋದ ವರ್ಷದ ಮಾತನ್ನೇ ಅನ್ನುತ್ತಿದ್ದಿ: "ಇಂಜಿನಿಯರ್ ಆಗಿದಿ, ಸಾಕ್ ಬಿಡು. ಮುದುಕಿ ಆದ ಮ್ಯಾಲ ಮದಿವಿ ಆಗ್ತೀಯೇನು?"

ಆದರೆ ಊರ ತುಂಬ ನೀನು ಹೇಳಿಕೊಂಡು ತಿರುಗುವುದೇನು? ಮಗಳು ಯಾದಗಿರಿಯಲ್ಲಿ ಡಾಕ್ಟರ್ ಅಂತ! ನಾನು ದವಾಖಾನೆಯ ಯಂತ್ರ ರಿಪೇರಿ ಮಾಡುವವಳು. ಡಾಕ್ಟರ್ ಎಂಬ ಹೆಸರು ನಿನಗೆ ಬೇಕು, ಓದುವ ವರ್ಷಗಳು ಮಾತ್ರ ಬೇಡ. ಅಂಗನವಾಡಿ ಟೀಚರಮ್ಮ ನೀನೇ ಹೇಳಿದ ಮೇಲೆ ಊರವರು ನಂಬದೆ ಇರುತ್ತಾರೆಯೇ?

ನಿನ್ನೆ ನಮ್ಮ ಮನೆ ಹಿಂದಿನ ಲಾಲಮ್ಮ ಮೊಮ್ಮಗಳನ್ನು ಎತ್ತಿಕೊಂಡು ದವಾಖಾನೆಗೆ ಬಂದಿದ್ದಳು. ಮಗುವಿಗೆ ಉಬ್ಬಸ. ಚೀಟಿಯನ್ನೂ ಮಾಡಿಸಲಿಲ್ಲ. ಆಯಾ ಕೇಳಿದರೆ, "ನಮ್ಮೂರ ಡಾಕ್ಟರ್ ಅದಾಳ್ರಿ, ಆಕಿನೇ ನೋಡ್ಲಿ" ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳಂತೆ. ನಾನು ಮಹಡಿಯಲ್ಲಿ ಆಕ್ಸಿಜನ್ ಯಂತ್ರ ಬಿಚ್ಚಿಕೊಂಡು ಕುಳಿತಿದ್ದೆ. ಕೆಳಗೆ ಬರುವಷ್ಟರಲ್ಲಿ ಮಗುವಿನ ತುಟಿ ನೀಲಿಯಾಗಿತ್ತು. ಮಗುವನ್ನು ಕಸಿದುಕೊಂಡು ಒಳಗೆ ಓಡಿದೆ. ಡಾಕ್ಟರು ಕೂಡಲೇ ಆಕ್ಸಿಜನ್ ಹಚ್ಚಿದರು. ಈಗ ಹುಷಾರಾಗಿದ್ದಾಳೆ, ನೀನು ಚಿಂತೆ ಮಾಡಬೇಡ.

ನನ್ನ ಭಯ ಮಾತ್ರ ಹೋಗಿಲ್ಲ. ಯಂತ್ರದ ಪರದೆಯಲ್ಲಿ ಆಕ್ಸಿಜನ್ ಅಂಕಿ ಇಳಿದರೆ ಅದು ತಂತಿಯ ದೋಷವೋ ಅಲ್ಲವೋ ಎಂದು ಹೇಳಬಲ್ಲೆ. ತಂತಿಯದಲ್ಲ, ಮಗುವಿನದೇ ಎಂದು ಗೊತ್ತಾದ ಮೇಲೆ ಏನು ಮಾಡಬೇಕೋ ತಿಳಿಯದೆ ಬೇರೆಯವರನ್ನು ಕೂಗುತ್ತೇನೆ. ಅಲ್ಲಿಂದ ಮುಂದಿನದನ್ನು ಕಲಿಯಬೇಕು. ವಯಸ್ಸು ಇಪ್ಪತ್ತಾರು, ಸಣ್ಣ ಹುಡುಗರ ನಡುವೆ ಕುಳಿತು ಓದಿ ಫೇಲಾದರೆ ಎಂಬ ಅಂಜಿಕೆಯೂ ಇದೆ. ನೀನು ಹೂಂ ಅಂದರೆ ಅರ್ಧ ಅಂಜಿಕೆ ಇಳಿಯುತ್ತದೆ. ಬೇಡ ಅಂದರೂ ಹೋಗುತ್ತೇನೆ, ಆದರೆ ಅಳುತ್ತ ಹೋಗುತ್ತೇನೆ.

ಬೈಯಬೇಕೆನಿಸಿದರೆ ಬೈ, ಸ್ಪೀಕರ್ ಹಾಕದೆ ಬೈ.

ನಿನ್ನ ಮಗಳು,
ಪಂಚಶೀಲಾ

ತಾ.ಕ.: ಮಗು ಹುಷಾರು ಎಂದು ಬರೆದದ್ದು ನೀನು ಹೆದರದಿರಲಿ ಎಂದು. ಅವಳಿನ್ನೂ ಕಣ್ಣು ಬಿಟ್ಟಿಲ್ಲ. ಅವಳ ಮಂಚದ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಯಂತ್ರ ಸರಿಯಾಗಿ ನಡೆಯುತ್ತಿದೆ, ನನಗೆ ತಿಳಿಯುವುದು ಅಷ್ಟೇ. ನಾನು ಡಾಕ್ಟರ್ ಅಲ್ಲ ಎಂದು ಲಾಲಮ್ಮನಿಗೆ ಬೆಳಿಗ್ಗೆ ಹೇಳಿದೆ. ನಂಬಲಿಲ್ಲ. "ನಿಮ್ಮವ್ವ ಯಾಕ ಸುಳ್ಳ ಹೇಳ್ತಾಳ, ಯವ್ವಾ?" ಎಂದು ನನ್ನ ಎಡಗೈ ಹಿಡಿದುಕೊಂಡು ಕುಳಿತಿದ್ದಾಳೆ.