ಅಡ್ವಾನ್ಸಿನಲ್ಲಿ ಮುರಿದುಕೊಂಡ ಬಾಡಿಗೆ

ಕೊಟ್ರಪ್ಪ,

ಎಲ್ಲಿಗೆ ಹೋದೆಯೋ ಗೊತ್ತಿಲ್ಲ, ಈ ಪತ್ರ ನಿನಗೆ ತಲುಪುವುದೂ ಇಲ್ಲ. ಈ ತಿಂಗಳ ಬಾಡಿಗೆ ಕೇಳಲು ಓನರ್ ಗಂಗಮ್ಮ ಇವತ್ತು ಮಹಡಿ ಹತ್ತಿ ನಮ್ಮಿಬ್ಬರ ರೂಮಿಗೆ ಬಂದಿದ್ದರು. ತಿಂಗಳು ತಿಂಗಳೂ ನನ್ನ ಪಾಲನ್ನು ನಿನ್ನ ಕೈಗೆ ಕೊಟ್ಟೆ. ನೀನು ಅದನ್ನೂ ಜೇಬಿಗಿಳಿಸಿ, ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ’ ಎಂದು ಅವರಿಗೆ ಹೇಳಿದ್ದೆಯಂತೆ. ಅಡ್ವಾನ್ಸಿನಲ್ಲಿ ಅರ್ಧ ನನ್ನದಾಗಿತ್ತು. ಈಗ ಪೂರ್ತಿ ಮುಗಿದಿದೆ.

“ಅವನ ಪಾಲು ಅವನನ್ನೇ ಕೇಳಿ ಅಮ್ಮ” ಅಂದೆ.

“ಅಗ್ರಿಮೆಂಟಿಗೆ ಇಬ್ರೂ ಸೈನ್ ಹಾಕಿದೀರಲ್ಲಪ್ಪ. ಕೈಗೆ ಸಿಕ್ಕಿರೋನು ನೀನು. ಪೂರ್ತಿ ಕೊಡು, ಇಲ್ಲಾಂದ್ರೆ ಖಾಲಿ ಮಾಡು.”

ದೊಡ್ಡನೆಕ್ಕುಂದಿಯ ಫ್ಯಾಕ್ಟರಿ ಗೇಟಿನಲ್ಲಿ ಮೈಕ್ ಹಿಡಿದು, ಮಾಲೀಕರ ಜೊತೆ ಒಳಗೊಳಗೆ ಒಬ್ಬನೇ ರಾಜಿಯಾಗುವವನು ದ್ರೋಹಿ ಎಂದು ಕೂಗಿದವನು ನೀನು. ನಿನ್ನ ಹಿಂದೆ ನಿಂತು ಜೈಕಾರ ಹಾಕಿದವನು ನಾನು. ಮಾಲೀಕ ಮೋಸ ಮಾಡಿದರೆ ಧರಣಿ ಕೂರಬಹುದು. ಗೆಳೆಯ ಮಾಡಿದರೆ ಯಾವ ಗೇಟಿನ ಮುಂದೆ ಕೂರಲಿ?

ಹೋಗುವಾಗ ಗಂಗಮ್ಮ ಕೇಳಿದರು: “ಅವನ ಹೆಸರು ತೆಗೆದು ಹೊಸ ಅಗ್ರಿಮೆಂಟ್ ಮಾಡ್ಸೋಣ್ವಾ?”

ಬೇಡ ಅಂದೆ. ಸಾಲ ಮಾಡಿಯಾದರೂ ಪೂರ್ತಿ ಬಾಡಿಗೆ ನಾನೇ ಕಟ್ಟುತ್ತೇನೆ. ನಿನ್ನ ಸಹಿ ಮಾತ್ರ ಅಲ್ಲೇ ಇರಲಿ. ಅದನ್ನು ಅಳಿಸಿ ನಿನ್ನನ್ನು ಬಿಡುಗಡೆ ಮಾಡುವಷ್ಟು ದೊಡ್ಡವನು ನಾನಲ್ಲ.