ಇದೆಲ್ಲ ಯಾಕಿದೆ ಎಂದು ನಿನ್ನ ಅಪ್ಪ ಕೇಳಿದ್ದು

ಗುರುವಾರ, ಜುಲೈ ೧೪

ನನ್ನ ಮಾತಿನಮಲ್ಲಿಗೆ,

ಅಮ್ಮನ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಮಂಡಿನೋವು, ಕೆಲಸದ ಒತ್ತಡ ಎಂದೆಲ್ಲ ನೆಪ ಹೇಳಬಹುದು. ನಿಜ ಅದಲ್ಲ. ಇಷ್ಟು ದಿನ ನಿನ್ನ ಅಪ್ಪನ ಮೇಲೆ ಕಣ್ಣಿಡುವುದರಲ್ಲೇ ನನಗೆ ಪುರುಸೊತ್ತು ಸಿಗಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಾನು ಫೋನ್ ಹಿಡಿದ ಕೂಡಲೇ ಅವರು ಪಕ್ಕದ ಕುರ್ಚಿಗೆ ಬಂದು ಪೇಪರ್ ಬಿಡಿಸಿಕೊಂಡು ಕೂರುತ್ತಾರೆ, ಹಾಳೆ ಮಾತ್ರ ತಿರುವುವುದಿಲ್ಲ. ನೀನೂ ಆ ಕಡೆಯಿಂದ ಹೂಂ, ಉಹೂಂ ಬಿಟ್ಟು ಬಾಯಿ ಬಿಡುವುದಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ನೀವಿಬ್ಬರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಟ್ಟಿದ್ದೀರಿ. ಅದೇನು ಎಂದು ತಿಳಿಯುವ ತನಕ ನನಗೆ ನಿದ್ದೆಯಿಲ್ಲ.

ನನಗೆ ರಜೆ ಸಿಗದೆ ಅವರೊಬ್ಬರೇ ನಿನ್ನ ಮನೆಗೆ ಬಂದಿದ್ದರಲ್ಲ, ಅಲ್ಲಿಂದ ಮರಳಿದ ಮೇಲೆ ಶುರುವಾದದ್ದು ಇದು. ಒಂದು ಬೆಳಿಗ್ಗೆ ಲೋಟಕ್ಕೆ ನೀರು ಹಿಡಿಯಲು ಅಡುಗೆಮನೆಗೆ ಬಂದವರು ನಲ್ಲಿ ತಿರುಗಿಸುವುದನ್ನೇ ಮರೆತು ನಿಂತುಬಿಟ್ಟರು.

"ಅಲ್ಲ ಕಣೇ, ಇದೆಲ್ಲ ಯಾಕಿದೆ?" ಎಂದರು.

ಹೊಸದಾಗಿ ಹೊಡೆಸಿದ ಕಪಾಟಿನ ಕಡೆ ಮುಖ ಮಾಡಿದ್ದರು, ಅದರ ವಿಷಯವೆಂದೇ ತಿಳಿದೆ. ನೀವೇ ಹಟ ಹಿಡಿದು ಮಾಡಿಸಿದ್ದು ತಾನೆ, ಈಗ ನನ್ನನ್ನು ಕೇಳಿದರೆ ಹೇಗೆ ಎಂದೆ. ಕಪಾಟಲ್ಲವಂತೆ. ಎಲ್ಲವೂ ಅಂತೆ. ಈ ನೀರು, ಗೋಡೆ, ಮೇಲಿರುವ ಸೂರ್ಯ, ನೀನು, ನಾನು.

"ಏನೂ ಇಲ್ದೇ ಇರಬಹುದಿತ್ತು. ಆಗ ಯಾರಿಗೂ ಏನೂ ನಷ್ಟ ಇರ್ತಿರ್ಲಿಲ್ಲ. ಆದ್ರೂ ಇದೆ. ಯಾಕೆ?"

ನನ್ನನ್ನು ನೀನು ಬಲ್ಲೆ. ಗಂಡಸು ಲೋಕದಷ್ಟು ದೊಡ್ಡ ಪ್ರಶ್ನೆ ಕೇಳಿದರೆ ಅದರ ಹಿಂದೆ ಅಂಗೈಯಗಲದ ಒಂದು ತಪ್ಪು ಅಡಗಿರುತ್ತದೆ ಎಂದು ನನ್ನ ನಂಬಿಕೆ. ಮೊದಲು ಏನಾದರೂ ಒಡೆದು ಹಾಕಿದ್ದಾರೋ ಎಂದು ಪಾತ್ರೆಪಗಡವನ್ನೆಲ್ಲ ನೋಡಿದೆ. ಎಲ್ಲ ನೆಟ್ಟಗಿತ್ತು. ಆಮೇಲೆ ಕಾಯಿಲೆಯ ಅನುಮಾನ ಬಂತು. ಅಂಗಿಯ ಜೇಬು, ಹಾಸಿಗೆಯ ಅಡಿ, ಹಳೆಯ ಬೂಟಿನ ಒಳಗೆ ಕೂಡ ಕೈ ಹಾಕಿ ಹುಡುಕಿದೆ, ಒಂದು ಮಾತ್ರೆಯೂ ಸಿಗಲಿಲ್ಲ. ಕೇಳಿದರೆ ಚೆನ್ನಾಗಿದ್ದೀನಲ್ಲ ಎನ್ನುತ್ತಾರೆ. ಹೊಟ್ಟೆ ತುಂಬ ಉಣ್ಣುತ್ತಾರೆ, ಉಂಡು ತಟ್ಟೆಯನ್ನೇ ನೋಡುತ್ತಾ ಕೂರುತ್ತಾರೆ.

ಅಷ್ಟರಲ್ಲಿ ಮಧ್ಯಾಹ್ನ ಮಧ್ಯಾಹ್ನ ಮನೆಯಿಂದ ಮಾಯವಾಗುವ ಅಭ್ಯಾಸ ಶುರುವಾಯಿತು. ಎಲ್ಲಿಗೆ ಎಂದು ಕೇಳಿದೆ. ಕ್ಷೌರದಂಗಡಿಗೆ ಎಂದರು. ಮಗಳೇ, ನಿನ್ನ ಅಪ್ಪನ ತಲೆಯನ್ನು ನೀನು ನೋಡಿದ್ದೀಯ. ನಿನ್ನ ಮದುವೆಯ ಹೊತ್ತಿಗೇ ಅದು ಫ್ಲಾಸ್ಕಿನ ಮುಚ್ಚಳದಷ್ಟು ನುಣ್ಣಗಾಗಿತ್ತು. ಅಂಥವರಿಗೆ ದಿನ ಬಿಟ್ಟು ದಿನ ಕ್ಷೌರದಂಗಡಿಯಲ್ಲಿ ಏನು ಕೆಲಸ? ಅದೇ ಬೀದಿಯಲ್ಲಿ ಒಬ್ಬಳು ಟೈಲರ್ ಇದ್ದಾಳೆ, ನಕ್ಕರೆ ಬೀದಿ ಪೂರ್ತಿ ಕೇಳಿಸುತ್ತದೆ. ನನ್ನ ತಲೆ ಆ ಕಡೆಗೂ ಓಡಿತು, ಯಾಕೆ ಸುಳ್ಳು ಹೇಳಲಿ. ಒಂದು ದಿನ ಕೆಲಸದಿಂದ ಎರಡು ಗಂಟೆ ಅನುಮತಿ ಕೇಳಿಕೊಂಡು ಅವರ ಹಿಂದೆಯೇ ಹೋದೆ.

ಟೈಲರ್ ಅಂಗಡಿಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಸೀದಾ ಕ್ಷೌರದಂಗಡಿಗೆ ಹೋಗಿ ಬೆಂಚಿನ ಮೇಲೆ ಕುಳಿತರು. ನಾನು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟೆ. ನನ್ನನ್ನು ಕೇಳಿದ್ದನ್ನೇ ಅಲ್ಲಿಯೂ ಕೇಳುತ್ತಿದ್ದರು. ಕ್ಷೌರಿಕ ಯಾರದ್ದೋ ಗಲ್ಲಕ್ಕೆ ನೊರೆ ಹಚ್ಚುತ್ತಾ, ಎಲ್ಲ ಇರೋದಕ್ಕೇ ತಾನೆ ಸ್ವಾಮಿ ನೀವು ಕೇಳ್ತಿರೋದು, ಇಲ್ದಿದ್ರೆ ಕೇಳೋರು ಯಾರಿರ್ತಿದ್ರು ಎಂದ. ಅವನ ಮಟ್ಟಿಗೆ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ನಿನ್ನ ಅಪ್ಪ ತಲೆಯಾಡಿಸಿದರು, ಆದರೆ ಒಪ್ಪಿದ ತಲೆಯಾಟವಲ್ಲ ಅದು. ಅಷ್ಟರಲ್ಲಿ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಅಕ್ಕ, ಹೆಂಗಸರ ಕಟಿಂಗ್ ಇಲ್ಲಿ ಮಾಡಲ್ಲ ಎಂದ. ನಾನು ಮಾನ ಮುಚ್ಚಿಕೊಂಡು ಬಸ್ ನಿಲ್ದಾಣಕ್ಕೆ, ನನ್ನ ಕೆಲಸಕ್ಕೆ, ವಾಪಸು ಓಡಿದೆ.

ಕೆಲಸದ ಜಾಗದಲ್ಲೇ ನನಗೆ ದಾರಿ ಹೊಳೆದದ್ದು. ಬಸ್ಸಿನಲ್ಲಿ ಮರೆತ ಸಾಮಾನನ್ನು ವಾಪಸು ಕೊಡುವ ಆ ಕಿಟಕಿಯಲ್ಲಿ ನಾನು ಹೇಗೆ ವ್ಯವಹರಿಸುತ್ತೇನೆಂದು ನಿನಗೆ ಹೇಳಿದ್ದೇನೋ ಇಲ್ಲವೋ. ಅವತ್ತು ಒಬ್ಬ ಚರ್ಮದ ಚೀಲ ಕೇಳಿಕೊಂಡು ಬಂದ. ಕಂದು ಬಣ್ಣ, ಹಿತ್ತಾಳೆ ಬಕ್ಕಲು, ಎರಡು ಜೇಬು ಎಂದು ಗಿಣಿಪಾಠ ಒಪ್ಪಿಸಿದ. ಎಲ್ಲ ಸರಿಯಾಗಿತ್ತು. ಚೀಲದಲ್ಲಿ ಏನೇನು ಇಲ್ಲ ಎಂದು ಕೇಳಿದೆ. ತಬ್ಬಿಬ್ಬಾದ. ಇರುವುದನ್ನು ಯಾರು ಬೇಕಾದರೂ ಕಿಟಕಿಯಿಂದ ಇಣುಕಿ ಹೇಳಬಹುದು. ಜಿಪ್ಪಿನ ಹಿಡಿ ಬಿದ್ದುಹೋದದ್ದು, ಒಳಗಿನ ಅಸ್ತರಿ ಬಟ್ಟೆ ಹರಿದದ್ದು ಸಾಮಾನಿನ ಯಜಮಾನನಿಗೆ ಮಾತ್ರ ಗೊತ್ತಿರುತ್ತದೆ. ಅವನು ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋದ.

ಅವನ ಬೆನ್ನನ್ನು ನೋಡುತ್ತಿದ್ದಾಗಲೇ ನನಗೆ ಜ್ಞಾನೋದಯವಾಯಿತು. ನಿನ್ನ ಮನೆಯಿಂದ ಬಂದ ಮೇಲೆ ನಿನ್ನ ಅಪ್ಪ ನನಗೆ ಒಪ್ಪಿಸಿದ್ದೂ ಗಿಣಿಪಾಠವೇ. ಹೊಸ ಪರದೆ ಹಾಕಿದ್ದಾಳೆ, ಬಾಲ್ಕನಿಯಲ್ಲಿ ಗಿಡ ಇಟ್ಟಿದ್ದಾಳೆ, ಅಳಿಯ ತಾನೇ ಅಡುಗೆ ಮಾಡಿ ಬಡಿಸಿದ. ಎಲ್ಲ ಇರುವ ಸುದ್ದಿ. ಮಗಳನ್ನು ಕಣ್ಣಾರೆ ನೋಡಿ ಬಂದ ಅಪ್ಪ ಸೊರಗಿದ್ದಾಳೆ ಕಣೇ, ಮೊದಲಿನ ಹಾಗೆ ನಗಲ್ಲ ಎಂದು ಏನಾದರೊಂದು ಕೊರತೆ ಹೇಳದೇ ಇರುತ್ತಾನೆಯೇ? ಮನೆಗೆ ಬಂದು ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿಯೂ ಪರದೆ, ಗಿಡ, ಅಡುಗೆ. ಇಬ್ಬರೂ ಕೂತು ಮಾತಾಡಿಕೊಂಡೇ ಕಟ್ಟಿದ ಕತೆ ಎಂಬುದು ಸ್ಪಷ್ಟವಾಯಿತು. ನನಗೆ ಎಷ್ಟು ಉರಿಯಿತೆಂದರೆ ಅವತ್ತು ನಾನು ಊಟ ಮಾಡಲಿಲ್ಲ.

ನಿನ್ನೆ ಸಂಜೆ ಅವರು ಆಲೂಗಡ್ಡೆ ಹೆಚ್ಚುತ್ತಾ ಕೂತಿದ್ದಾಗ ನೇರವಾಗಿ ಕೇಳಿದೆ. ಟೈಲರಮ್ಮನನ್ನೂ ಬಿಡಲಿಲ್ಲ. ಅವರಿಗೆ ನಗು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ತಾವು ದುಡಿದ ಫ್ಲಾಸ್ಕ್ ಕಾರ್ಖಾನೆಯ ಮಾತು ತೆಗೆದರು. ಅವರು ಮಾಡುತ್ತಿದ್ದದ್ದು ಗಾಜಿನ ಎರಡು ಗೋಡೆಗಳ ಸಂದಿನಿಂದ ಗಾಳಿ ಎಳೆದು, ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚುವ ಕೆಲಸ ತಾನೆ. ಅದನ್ನೇ ಹೇಳಿದರು.

"ಆ ಸಂದಿಯಲ್ಲಿ ಏನೂ ಇಲ್ಲದ ಹಾಗೆ ಮಾಡೋಕೆ ನಾವು ಎಷ್ಟು ಒದ್ದಾಡ್ತಿದ್ವಿ ಗೊತ್ತಾ. ಎಷ್ಟು ಎಳೆದ್ರೂ ಚೂರು ಉಳಿದೇ ಉಳೀತಿತ್ತು. ತುದಿ ಮುರಿದ್ರೆ ಸಾಕು, ಗಾಳಿ ತಾನಾಗೇ ನುಗ್ತಿತ್ತು. ಹಾಗಾಗಿ ಇರೋದು ಸುಲಭ, ಇಲ್ಲದ್ದನ್ನ ಮಾಡೋದೇ ಕಷ್ಟ ಅಂತ ಜೀವಮಾನ ಪೂರ್ತಿ ನಂಬಿದ್ದೆ. ಸುಳ್ಳು ಕಣೇ. ಇಲ್ಲದೇ ಹೋಗೋದು ಬಹಳ ಸುಲಭ. ಅಷ್ಟು ಸುಲಭ ಅಂದ್ಮೇಲೆ ಇಷ್ಟೆಲ್ಲ ಹೇಗೆ ಇದೆ, ಅದೇ ನಂಗೆ ತಿಳೀತಿಲ್ಲ."

ಇಷ್ಟು ಹೇಳಿ ಚಾಕು ಕೆಳಗಿಟ್ಟು ಎದ್ದು ಹೋದರು. ಅವರು ಪ್ರಶ್ನೆಯನ್ನು ನೆಪಕ್ಕೆ ಇಟ್ಟುಕೊಂಡಿದ್ದಾರೆ ಎಂದು ನಾನು ಇಷ್ಟು ದಿನ ಬೇಹುಗಾರಿಕೆ ಮಾಡಿದೆ. ಅವರು ನಿಜವಾಗಿಯೇ ಕೇಳುತ್ತಿದ್ದರು.

ಇನ್ನು ಬೇರೆ ಸುದ್ದಿ. ಮೇಲಿನ ಮನೆಯವರು ಹಾರ್ಮೋನಿಯಂ ತಂದಿದ್ದಾರೆ, ಯಾರಿಗೂ ನುಡಿಸಲು ಬರುವುದಿಲ್ಲ, ಆದರೂ ನುಡಿಸುತ್ತಾರೆ. ನನ್ನ ಕಿಟಕಿಗೆ ಹೊಸ ಗಾಜು ಹಾಕಿಸಿದ್ದಾರೆ. ನಿನ್ನ ಅಪ್ಪ ಇವತ್ತು ಕ್ಷೌರದಂಗಡಿಗೆ ಹೋಗಲಿಲ್ಲ. ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು, ಅವನು ಅಡುಗೆ ಮಾಡಿದ್ದು ನಿಜವಾಗಿದ್ದರೆ ಇನ್ನೊಂದು ಆಶೀರ್ವಾದವನ್ನೂ ಸೇರಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ತಣ್ಣಗೆ ಬಾಳು.

ನಿನ್ನ
ಅಮ್ಮ

ವಿ.ಸೂ.: ಏನೂ ಗೊತ್ತಿಲ್ಲದವಳ ಹಾಗೆ ಬರೆದು ಪತ್ರ ಮಡಚಿದ್ದೆ, ಮತ್ತೆ ಬಿಡಿಸಿದ್ದೇನೆ. ನಿನ್ನೆ ಅವರು ಎದ್ದು ಹೋದರೆಂದು ಬರೆದೆನಲ್ಲ, ನಾನೂ ಹಿಂದೆಯೇ ಹೋದೆ. ಎಲ್ಲ ಹೇಳಿದರು. ಮೂರನೇ ತಿಂಗಳಲ್ಲಿ ಹೋಯಿತಂತೆ. ಆಸ್ಪತ್ರೆಯ ಬೆಂಚಿನ ಮೇಲೆ ನೀನು ಅವರ ಕೈ ಹಿಡಿದುಕೊಂಡು, "ಅಮ್ಮಂಗೆ ಹೇಳ್ಬೇಡಪ್ಪ. ಯಾಕೆ ಹೋಯ್ತು ಅಂತ ಕೇಳ್ತಾಳೆ. ನನ್ ಹತ್ರ ಉತ್ತರ ಇಲ್ಲ" ಅಂದೆಯಂತೆ. ಕೇಳುತ್ತಿದ್ದೆ, ನಿಜ. ಏನು ತಿಂದೆ, ಏನು ಎತ್ತಿದೆ, ಯಾರ ಮೇಲೆ ಕೂಗಾಡಿದೆ ಎಂದು ಕಳ್ಳನನ್ನು ಕೇಳುವ ಹಾಗೆ ಕೇಳುತ್ತಿದ್ದೆ. ಶನಿವಾರದ ಬಸ್ಸಿಗೆ ಹೊರಟು ಬರುತ್ತಿದ್ದೇನೆ, ಒಂದು ಪ್ರಶ್ನೆಯನ್ನೂ ತರುವುದಿಲ್ಲ. ಹೋದದ್ದನ್ನು ನನ್ನಿಂದ ಮುಚ್ಚಿಟ್ಟದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ಆದರೆ ಅದು ಇತ್ತು. ಅಷ್ಟು ದಿನ ಅದು ಇತ್ತು, ನಾನು ಅಜ್ಜಿಯಾಗಿದ್ದೆ, ಆ ಕಿಟಕಿಯಲ್ಲಿ ಕೂತು ಯಾರದ್ದೋ ಕೊಡೆ, ಯಾರದ್ದೋ ಚೀಲ ಕಾಯುತ್ತಾ ಅದು ಗೊತ್ತೇ ಇಲ್ಲದೆ ಅಜ್ಜಿಯಾಗಿದ್ದೆ. ಇದ್ದಾಗ ಒಂದು ಮಾತು ಹೇಳಬಾರದಿತ್ತೇ?